ಲಿಂಗಸುಗೂರಿನ ಕಡೆ

ಬ್ಲೇಡಿನಿಂದ ಪೆನ್ಸಿಲ್ ಕೆತ್ತುವಾಗ ಏಳುವ ಕಟ್ಟಿಗೆಯ ವಾಸನೆ ಈಗಲೂ ನನ್ನನ್ನು ಸಿಂಧನೂರಿನ ನಮ್ಮ ಮನೆಯ ಪಡಸಾಲೆಗೆ ಕರೆದೊಯ್ಯುತ್ತದೆ.

ಗಣಿತದ ಟೀಚರಾಗಿದ್ದ ಅವ್ವನಿಗೆ ಲಿಂಗಸುಗೂರಿಗೆ ವರ್ಗವಾಗಿತ್ತು. ಮರುದಿನ ಹೊರಟರೆ ಇನ್ನು ಶನಿವಾರಕ್ಕೊಮ್ಮೆ ಬರುವುದು. ಅಜ್ಜಿ ಪಕ್ಕದಲ್ಲೇ ಕೂತು ಅವಳ ಬುತ್ತಿಗೆ ಸಜ್ಜೆರೊಟ್ಟಿ ಕಟ್ಟುತ್ತಿದ್ದಳು. ನಾನು ಸಿಟ್ಟಿನಿಂದ ತ್ರಿಕೋನಮಿತಿಯ ಲೆಕ್ಕ ಮುಟ್ಟದೆ ಕೂತಿದ್ದೆ. ಅವ್ವ ಪೆನ್ಸಿಲ್ ಕೆತ್ತಿ ಹಾಳೆಯ ಮೇಲೆ ಉತ್ತರಕ್ಕೊಂದು ಗೆರೆ, ಅದರ ಬುಡದಿಂದ ಎಡಕ್ಕೆ ಓರೆಯಾಗಿ ಇನ್ನೊಂದು ಗೆರೆ ಎಳೆದು, ಎರಡೂ ಕೂಡುವಲ್ಲಿ ಬೆರಳಿಟ್ಟಳು.

“ಇದು ನಮ್ಮ ಮನಿ. ಉತ್ತರದಿಂದ ಎಡಕ್ಕ ಮೂವತ್ತು ಡಿಗ್ರಿ ಹೊರಳಿದ್ರ ಮಸ್ಕಿ, ಅದರಾಚಿ ಲಿಂಗಸುಗೂರು. ನೇರ ಐವತ್ತು ಕಿಲೋಮೀಟರ್ ಅಂತ ಹಿಡಿ. ನಾ ಪಶ್ಚಿಮಕ್ಕ ಎಷ್ಟು ಸರಿದಂಗಾತು?”

ಸೈನ್ ಮೂವತ್ತು ಅಂದರೆ ಅರ್ಧ. “ಇಪ್ಪತ್ತೈದು,” ಎಂದೆ. ಆಮೇಲೆ ಕೇಳಿದೆ, “ವಾಪಸ್ ಬರೋ ದಿಕ್ಕು?”

ಅವ್ವ ಆ ಓರೆ ಗೆರೆಯನ್ನೇ ತುದಿಯಿಂದ ಮನೆಯವರೆಗೆ ಮತ್ತೆ ತಿದ್ದಿದಳು. “ಇದ ಗೆರಿ. ಬ್ಯಾರೆ ಬೇಕಾಗಿಲ್ಲ.”

ಮರುದಿನ ಸಂಜೆ ಅವ್ವ ಇರಲಿಲ್ಲ. ನಾನು ಹಾಸಿಗೆ ತಿರುಗಿಸಿ, ತಲೆದಿಂಬನ್ನು ಲಿಂಗಸುಗೂರಿನ ಕಡೆ ಇಟ್ಟು ಮಲಗಿದೆ. ಉತ್ತರಕ್ಕೆ ತಲೆ ಹಾಕಲು ಮನೆಯಲ್ಲಿ ಯಾರಿಗೂ ಬಿಡದ ಅಜ್ಜಿ ಬಂದು ನೋಡಿದಳು. ಬೈಯುತ್ತಾಳೆಂದು ನಾನು ಎದ್ದು ಕೂತೆ.

ಆಕೆ ಕೌದಿ ಹೊದಿಸಿ, “ಮಲಕ್ಕೋ ನನ್ನವ್ವಾ. ಇದು ಪೂರಾ ಉತ್ತರ ಅಲ್ಲಲ್ಲ,” ಎಂದಳು.