ಗಂಡುಬೀರಿ

ಮಾವ ಖುದ್ದಾಗಿ ಬಾಲ ಎತ್ತಿ ನೋಡಿ, "ಹೆಣ್ಣು, ಅಪ್ಪಟ ಹೆಣ್ಣು" ಎಂದು ಆರಿಸಿ ತಂದಿದ್ದ ಕೋಳಿಮರಿ ಬೆಳೆದು ದೊಡ್ಡದಾಗಿ, ಅವತ್ತು ಬೆಳಿಗ್ಗೆ ಹಿತ್ತಿಲ ಗೋಡೆ ಹತ್ತಿ, ಗಂಟಲು ಹರಿಯುವಂತೆ "ಕೊಕ್ಕೊಕ್ಕೋ" ಎಂದುಬಿಟ್ಟಿತು.

ಆ ಬೀದಿಯಲ್ಲಿ ಯಾರೇ ಮರಿ ಕೊಂಡರೂ ಗಂಡೋ ಹೆಣ್ಣೋ ಎಂದು ತೀರ್ಪು ಕೊಡುವವರು ಮಾವನೇ. ಅವರು ಹೇಳಿದ ಮೇಲೆ ಮುಗಿಯಿತು, ಮರಿ ಕೂಡ ಎದುರಾಡುವಂತಿರಲಿಲ್ಲ. ಈಗ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, "ಏನ್ ಸಾರ್, ನಿಮ್ಮ ಹೆಣ್ಣು ಕೂಗ್ತಾ ಇದೆ!" ಎಂದು ಹಲ್ಲು ಕಿರಿದರು.

ಅತ್ತೆ ಕತ್ತಿ ಹಿಡಿದೇ ಹೊರಗೆ ಬಂದರು. "ಹುಂಜ ಅಂತ ಗೊತ್ತಾಯ್ತಲ್ಲ. ಹಿಡ್ಕೊಂಡು ಬಾರೇ, ಮಧ್ಯಾಹ್ನದ ಅಡುಗೆಗಾಯ್ತು."

ಅದನ್ನು ಸೊಸೆಯೇ ಅಂಗೈಯಲ್ಲಿ ಕಾಳು ತಿನ್ನಿಸಿ ಸಾಕಿದ್ದಳು; ಬಟ್ಟೆ ಒಗೆಯುವಾಗಲೂ ಅವಳ ಕಾಲಲ್ಲೇ ಸುತ್ತುತ್ತಿತ್ತು. ಅದರ ಕುತ್ತಿಗೆ ಕೊಯ್ಯುವುದನ್ನು ನೋಡಬೇಕೆ? ದೇವರೇ! ಅಳು ಬಂತು. ಆದರೆ ಆ ಮನೆಯಲ್ಲಿ ಅಳುವಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಮಾವನ ಜಂಬಕ್ಕೆ ಮಾತ್ರ ಎಲ್ಲರೂ ತಲೆಬಾಗುತ್ತಿದ್ದರು.

"ಅಲ್ಲ ಅತ್ತೆ," ಎಂದಳು, ಪಕ್ಕದ ಮನೆಗೂ ಕೇಳಿಸುವಂತೆ. "ಮಾವನೇ ನೋಡಿ ಹೆಣ್ಣು ಅಂದಿದಾರೆ. ಅವರು ಹೇಳಿದ್ದು ಸುಳ್ಳಾಗುತ್ತಾ?"

ಮಾವ ಗಂಟಲು ಸರಿಮಾಡಿಕೊಂಡರು. "ಹೆಣ್ಣೇ ಅದು. ಸ್ವಲ್ಪ ಗಂಡುಬೀರಿ, ಅಷ್ಟೆ."

"ಆ ಕೆಂಪು ಜುಟ್ಟು ಕಣ್ಣಿಗೆ ಕಾಣಲ್ವೇನ್ರೀ?"

"ನಿನಗೂ ಎರಡೆಳೆ ಮೀಸೆ ಇದೆ. ನಾನೇನಾದ್ರೂ ಅನುಮಾನ ಪಟ್ನಾ?"

ಗೋಡೆಯಾಚೆ ಯಾರೋ ಕಿಸಕ್ಕೆಂದರು. ಅತ್ತೆಯ ಮುಖ ಕೆಂಡವಾಯಿತು. ಗಂಡನ ಮೇಲಿನ ಸಿಟ್ಟು ಎಂದಿನಂತೆ ಸೊಸೆಯ ಕಡೆ ತಿರುಗಿತು. "ಹೆಣ್ಣಾದ್ರೆ ಮೊಟ್ಟೆ ಎಲ್ಲಿ? ಸುಮ್ನೆ ಕಾಳು ದಂಡ. ಮದುವೆಯಾಗಿ ಇಷ್ಟು ವರ್ಷ ಆದ್ರೂ ಮಡಿಲು ತುಂಬದ್ದು ಈ ಮನೇಲಿ ಈಗಾಗ್ಲೇ ಒಂದಿದೆ, ಸಾಲ್ದಾ?"

ಸೊಸೆ ತಲೆ ತಗ್ಗಿಸಿದಳು. ಈ ಮಾತು ಬಂದಾಗ ಮಾವ ಯಾವತ್ತೂ ಪೇಪರಿನಿಂದ ಕಣ್ಣೆತ್ತಿದವರಲ್ಲ. ಇವತ್ತು ಎದ್ದೇ ನಿಂತರು.

"ಮೊಟ್ಟೆ ಇಟ್ರೆ ಮಾತ್ರ ಹೆಣ್ಣಾ? ಇಡದಿದ್ರೆ ಬದುಕೋ ಹಕ್ಕಿಲ್ವಾ? ಇನ್ಮೇಲೆ ಈ ಮನೇಲಿ ಯಾರಾದ್ರೂ ಆ ಮಾತೆತ್ತಿದ್ರೆ ಹುಷಾರ್!"

ಗೋಡೆಯ ಮೇಲಿದ್ದ ಹುಂಜ ಮತ್ತೊಮ್ಮೆ ಕೂಗಿತು. ಸೊಸೆ ಅದನ್ನು ಇಳಿಸಿಕೊಂಡು ಎದೆಗವಚಿಕೊಂಡಳು.

"ಇನ್ನೊಂದ್ಸಲ ಹೇಳಿ ಮಾವ," ಎಂದಳು. "ಕೋಳಿ ಕೂಗಿದ್ರಲ್ಲಿ ಅತ್ತೆಗೆ ಸರಿಯಾಗಿ ಕೇಳಿಸ್ಲಿಲ್ಲ."