ಮೇಜಿನ ಮೇಲಿನ ಊರಿಗೆ ಹೊಸ ರೈಲು

ಗದಗಿನಲ್ಲಿ ಕೆಲವರು ಗಿಣಿ ಸಾಕಿದರೆ ಕೆಲವರು ಊರು ಸಾಕುತ್ತಾರೆ. ಚನ್ನವೀರಪ್ಪ ಮನೆಯ ಮೇಜಿನ ಮೇಲೆ ಸಾಕಿದ್ದ ಊರಿನ ಜನ ಕಡಲೆಕಾಳಿನಷ್ಟು ಎತ್ತರ. ಅವರ ಹಳೆಯ ರೈಲು ಕೆಟ್ಟು ನಿಂತಾಗ ಅವನು, ಇಂಥ ಊರುಗಳ ಸಾಮಾನು ಮಾರುವ ಓಣಿಯ ಮಕ್ತುಮಸಾಬನ ಅಂಗಡಿ ದಾಟಿ ಹೋಗಿ, ದೊಡ್ಡ ಶಾಪಿಂಗ್ ಮಾಲಿನಿಂದ ಅರ್ಧ ಬೆಲೆಗೆ ಹೊಸದನ್ನು ತಂದ. ಯಾರೂ ಹತ್ತಲಿಲ್ಲ. ಊರಿನ ಅಧ್ಯಕ್ಷೆ ನಿಂಗವ್ವ ಪ್ಲಾಟ್‌ಫಾರ್ಮಿನ ತುದಿಗೆ ಬಂದಳು. ಚನ್ನವೀರಪ್ಪ ಬಗ್ಗಿ ಕಿವಿಗೊಟ್ಟ.

“ಇದು ಕೆಟ್ರ ಯಾರು ರಿಪೇರಿ ಮಾಡ್ತಾರ್ರಿ, ಸಾಹೇಬ್ರ?”

“ರಿಪೇರಿ ಯಾಕ ಬೇಕವ್ವ? ಮಾಲಿನವ್ರು ಗಾಡೀನ ಒಯ್ದು ಬ್ಯಾರೇದು ಕೊಡ್ತಾರ.”

“ಒಳಗ ಕುಂತ ಮಂದೀನ?”

ಚನ್ನವೀರಪ್ಪ ಮಾಲಿಗೆ ಫೋನ್ ಮಾಡಿ ಕೇಳಿದ. ಒಳಗಿನವರಿಗೆ ವಾರಂಟಿ ಇಲ್ಲ ಎಂದರು.

ಮುಖ ಸಣ್ಣದು ಮಾಡಿಕೊಂಡು ಮಕ್ತುಮಸಾಬನ ಬಳಿ ಹೋದ. ಸಾಬ ಮಾಲಿನ ಮಾತೆತ್ತದೆ, ತಾನೇ ಮಾಡಿದ ರೈಲನ್ನು ತಂದು ಹಳಿಗೆ ಕೂಡಿಸಿ, ಬ್ರೇಕು ನೋಡಿ, ನಿಂಗವ್ವನಿಗೆ ಸಲಾಮು ಹೇಳಿ ಹೋದ. ಊರೆಲ್ಲ ಚಪ್ಪಾಳೆ ತಟ್ಟಿತು.

ಸಾಬನ ರೈಲಿಗೆ ಬೆಲೆ ದುಪ್ಪಟ್ಟಾಗಿತ್ತಲ್ಲ, ಚನ್ನವೀರಪ್ಪ ಟಿಕೆಟ್ಟಿನ ದರ ತುಸು ಏರಿಸಿದ. ಮರುದಿನ ನೋಡಿದರೆ ರೈಲು ಖಾಲಿ ಓಡುತ್ತಿತ್ತು. ಜನರೆಲ್ಲ ಹಳಿಗುಂಟ ನಡೆದು ಹೋಗುತ್ತಿದ್ದರು.

“ಗಾಡಿ ಭಾಳ ಚಲೋ ಐತ್ರಿ,” ಎಂದಳು ತಲೆಯ ಮೇಲೆ ಗಂಟು ಹೊತ್ತ ನಿಂಗವ್ವ, “ಆದ್ರ ನಡದ್ರ ಪುಕ್ಕಟ ಅಲ್ರೀ?”