ಎರಡು ಆಂಪ್ಲಿಫೈಯರ್‌ಗಳು

ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿಯೇ ತಲೆ ನರೆತ ಬೆನೆಟ್ ಮಾಸ್ತರರಿಗೆ ಹೆಂಡತಿ ತೀರಿಹೋದ ಮೇಲೆ ಯಾವುದರಲ್ಲೂ ಆಸೆ ಉಳಿದಿರಲಿಲ್ಲ. ಜನರ ಮಾತು, ಬೀದಿಯ ಗಲಾಟೆ, ಚರ್ಚಿನ ಗಂಟೆ ಎಲ್ಲವೂ ದೂರ ಸರಿದಂತಿತ್ತು. ದುಃಖವೆಂದರೆ ಹೀಗೆಯೇ ಇರಬೇಕು ಅಂದುಕೊಂಡು ಸುಮ್ಮನಿದ್ದರು.

ಒಂದು ಮಧ್ಯಾಹ್ನ ಶಿಷ್ಯೆ ಲವೀನಾ ಹೊಸ ಆಂಪ್ಲಿಫೈಯರ್ ತಂದಳು. ಮಾಸ್ತರರ ಬಳಿಯಿದ್ದ ಹಳೆಯ ಆಂಪ್ಲಿಫೈಯರಿನ ಮಾದರಿಯನ್ನೇ ಕಂಪನಿಯವರು ಈಗ ಮತ್ತೆ ತಯಾರಿಸಿ ಮಾರುತ್ತಿದ್ದರು.

"ಎರಡೂ ಒಂದೇ ಥರ ಕೇಳ್ಸುತ್ತೆ ಅಂತಾರೆ ಸಾರ್. ಅದು ನಿಜ ಆದ್ರೆ ಹಳೇದನ್ನ ಕೊಂಡ್ಕೋತೀವಿ ಅಂತ ಕೇಳ್ತಿರೋರಿಗೆ ಕೊಟ್ಬಿಡಿ. ನೀವು ನೋಡ್ಬಾರ್ದು, ನಾನು ಒಳಗಿಂದ ನುಡಿಸ್ತೀನಿ. ನಿಮ್ಮ ಕಿವಿ ಹೇಳಿದ್ದೇ ಕೊನೆ."

"ಹೂಂ, ನುಡಿಸಮ್ಮ."

ಅವಳು ಒಳಕೋಣೆಗೆ ಹೋಗಿ ಪರದೆ ಎಳೆದಳು. ಮಾಸ್ತರರು ಕಣ್ಣು ಮುಚ್ಚಿದರು. ಮೊದಲನೆಯ ದನಿ ಚೊಕ್ಕವಾಗಿತ್ತು, ಆದರೆ ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಎರಡನೆಯದು ಬಂತು. ಬೆಚ್ಚಗೆ, ಅಂಚಿನಲ್ಲಿ ತುಸು ಒಡೆದ ದನಿ. ಮದುವೆ ಮನೆಗಳಲ್ಲಿ ಹೆಂಡತಿ ಹಾಡುವಾಗ ಅವರು ಹಿಂದೆ ನಿಂತು ನುಡಿಸುತ್ತಿದ್ದರಲ್ಲ, ಅದೇ. ಎಷ್ಟೋ ತಿಂಗಳ ನಂತರ ಅವರ ಕಣ್ಣು ಒದ್ದೆಯಾಯಿತು.

ಲವೀನಾ ಪರದೆ ಸರಿಸಿ ಹೊರಬಂದಳು.

"ಎರಡನೇದೇ ನಮ್ದು," ಅಂದರು ಮಾಸ್ತರರು. "ಹೊಸದ್ರಲ್ಲಿ ಎಲ್ಲಾ ಇದೆ, ಜೀವ ಇಲ್ಲ. ಹಳೇದನ್ನ ಯಾರಿಗೂ ಕೊಡಲ್ಲ."

ಅವಳು ತೀರ ಹತ್ತಿರ ಬಂದು ಅವರ ಮುಖವನ್ನೇ ನೋಡಿದಳು.

"ನಾನಿನ್ನೂ ನುಡಿಸೇ ಇಲ್ಲ ಸಾರ್. ಒಳಗೆ ಹೋದ ತಕ್ಷಣ ಕರೆಂಟ್ ಹೋಯ್ತು ಅಂತ ಅಷ್ಟು ಸಲ ಕೂಗಿದ್ನಲ್ಲ?"